ಭವಾವಳಿಯನ್ನು ಹಾರಿಸಿ ಓದಿದರೆ

ಪಂಪನ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದು ತೀರ್ಮಾನ ಸಿದ್ಧವಾಗಿಯೇ ಇರುತ್ತದೆ. ‘ವಿಕ್ರಮಾರ್ಜುನವಿಜಯ’ ಆತ ಕವಿಯಾಗಿ ಬರೆದದ್ದು, ‘ಆದಿಪುರಾಣ’ ಜೈನನಾಗಿ ತೀರಿಸಿದ ಋಣ. ಮೊದಲನೆಯದರಲ್ಲಿ ಮನುಷ್ಯರಿದ್ದಾರೆ, ಕರ್ಣನಂಥ ಪಾತ್ರವಿದೆ. ಎರಡನೆಯದರಲ್ಲಿ ನೀಲಾಂಜನೆಯ ನೃತ್ಯ, ಭರತ-ಬಾಹುಬಲಿಯರ ಪ್ರಸಂಗ ಎಂಬ ಎರಡು ಒಳ್ಳೆಯ ಭಾಗಗಳಿವೆ, ಮಿಕ್ಕದ್ದೆಲ್ಲ ಧರ್ಮಬೋಧೆ. ಅದರಲ್ಲೂ ಮೊದಲ ಆಶ್ವಾಸಗಳನ್ನು ತುಂಬಿರುವ ಭವಾವಳಿ, ಅಂದರೆ ಮೊದಲ ತೀರ್ಥಂಕರ ವೃಷಭನಾಥನ ಹಿಂದಿನ ಜನ್ಮಗಳ ಸಾಲು, ಹೇಗೋ ದಾಟಿಕೊಂಡು ಹೋಗಬೇಕಾದ ಕಾಡು. ಈ ಅಭಿಪ್ರಾಯ ಎಷ್ಟು ಸಹಜವಾಗಿ ಕೈಯಿಂದ ಕೈಗೆ ದಾಟಿದೆಯೆಂದರೆ, ಅದನ್ನು ಪುಸ್ತಕದ ಎದುರು ಇಟ್ಟು ನೋಡುವ ಗೋಜಿಗೆ ಹೋಗುವವರೇ ಕಡಿಮೆ. ನನ್ನ ಮಾತು ಇದು: ಭವಾವಳಿ ಆದಿಪುರಾಣದ ಹೊರೆಯಲ್ಲ, ಅದರ ಬೆನ್ನೆಲುಬು. ಅದನ್ನು ಹಾರಿಸಿ ಓದಿದವರಿಗೆ ಆ ಎರಡು ‘ಒಳ್ಳೆಯ ಭಾಗ’ಗಳೂ ಅರ್ಧವಷ್ಟೇ ದಕ್ಕುತ್ತವೆ.

ಆ ಸಿದ್ಧ ತೀರ್ಮಾನಕ್ಕೆ ಪಂಪನೇ ಆಧಾರ ಕೊಟ್ಟಿದ್ದಾನೆ ಎಂದು ವಾದಿಸುವವರುಂಟು. ಒಂದು ಕಾವ್ಯದಲ್ಲಿ ಲೌಕಿಕವನ್ನೂ ಇನ್ನೊಂದರಲ್ಲಿ ಜಿನಾಗಮವನ್ನೂ ಬೆಳಗುತ್ತೇನೆ ಎಂದು ಆತ ತನ್ನ ಭಾರತದಲ್ಲಿ, ಅಂದರೆ ವಿಕ್ರಮಾರ್ಜುನವಿಜಯದಲ್ಲಿ, ಹೇಳಿಕೊಂಡಿರುವುದು ನಿಜ. ಆದರೆ ಆ ಮಾತಿನಲ್ಲಿರುವುದು ವಸ್ತುವಿನ ವಿಂಗಡಣೆ, ಬೆಲೆಯ ವಿಂಗಡಣೆಯಲ್ಲ. ಎರಡಕ್ಕೂ ಆತ ಬಳಸುವ ಕ್ರಿಯೆ ಒಂದೇ, ಬೆಳಗುವುದು. ಒಂದಕ್ಕೆ ಕಾವ್ಯ, ಇನ್ನೊಂದಕ್ಕೆ ಕರ್ತವ್ಯ ಎಂದು ಹಣೆಪಟ್ಟಿ ಹಚ್ಚಿದವರು ಆಮೇಲಿನ ನಾವು. ಮತವಿಲ್ಲದ ಕಾವ್ಯವೇ ಶುದ್ಧ ಕಾವ್ಯ ಎಂಬ ಈ ಕಾಲದ ನಂಬಿಕೆಯನ್ನು ಹತ್ತನೆಯ ಶತಮಾನದ ಕವಿಯ ಬಾಯಲ್ಲಿ ಹೇಳಿಸಿದ್ದೇವೆ.

ಆದಿಪುರಾಣದ ಆಕರಗ್ರಂಥದ ಮೇಲೂ ಇಂಥದೇ ಒಂದು ಪೂರ್ವಗ್ರಹವಿದೆ. ಪಂಪನ ಮುಂದಿದ್ದದ್ದು ಜಿನಸೇನಾಚಾರ್ಯರ ಸಂಸ್ಕೃತ ಮಹಾಪುರಾಣ. ಜಿನಸೇನರು ಮುನಿ. ರಾಷ್ಟ್ರಕೂಟ ಅಮೋಘವರ್ಷನಿಗೆ ಪೂಜ್ಯರಾಗಿದ್ದವರು. ಗುರು ವೀರಸೇನರು ಅರ್ಧಕ್ಕೆ ಬಿಟ್ಟ ‘ಜಯಧವಳಾ’ ಟೀಕೆಯನ್ನು 837ರಲ್ಲಿ ಮುಗಿಸಿದವರು. ಅವರ ಮಹಾಪುರಾಣವೂ ಅರ್ಧಕ್ಕೆ ನಿಂತು, ಶಿಷ್ಯ ಗುಣಭದ್ರರು ಅದನ್ನು ಪೂರ್ತಿ ಮಾಡಿದರು. ಮುನಿಯ ಗ್ರಂಥವೆಂದ ಮೇಲೆ ಅದು ಒಣ ಶಾಸ್ತ್ರ, ರಸವೇನಿದ್ದರೂ ಪಂಪ ಹೊರಗಿನಿಂದ ತಂದು ಸುರಿದದ್ದು ಎಂದು ಊಹಿಸುವುದು ಸುಲಭ. ಆದರೆ ಇದೇ ಜಿನಸೇನರು ಕಾಳಿದಾಸನ ಮೇಘದೂತದ ಸಾಲುಗಳನ್ನು ಸಮಸ್ಯಾಪೂರಣದಂತೆ ಒಳಗೆ ಹೆಣೆದುಕೊಂಡು ‘ಪಾರ್ಶ್ವಾಭ್ಯುದಯ’ ಬರೆದವರು. ವಿರಹದ ಆ ಕಾವ್ಯ ಅವರಿಗೆ ಸಾಲುಸಾಲಾಗಿ ಕರಗತವಾಗಿತ್ತು. ಶೃಂಗಾರದ ಆಳ ಬಲ್ಲ ಮುನಿಯ ಗ್ರಂಥವನ್ನು ಗೃಹಸ್ಥನೂ ಯೋಧನೂ ಆದ ಕವಿಯೊಬ್ಬ ಕೈಗೆತ್ತಿಕೊಂಡ ಎಂಬಲ್ಲಿಂದ ಓದು ಆರಂಭವಾಗಬೇಕು.

ಈಗ ಭವಾವಳಿಗೆ ಬರೋಣ. ಮಹಾಬಲನೆಂಬ ವಿದ್ಯಾಧರ ರಾಜ ಸತ್ತು ಲಲಿತಾಂಗನೆಂಬ ದೇವನಾಗುತ್ತಾನೆ. ಸ್ವಯಂಪ್ರಭೆ ಅವನ ಪ್ರಿಯೆ. ದೇವಲೋಕದ ಭೋಗಕ್ಕೆ ಕೊನೆಯೇ ಇಲ್ಲವೇನೋ ಎಂಬ ಹೊತ್ತಿಗೆ ಅವನ ಕೊರಳ ಮಾಲೆ ಬಾಡುತ್ತದೆ. ಆಯುಸ್ಸು ತೀರುತ್ತಿರುವುದಕ್ಕೆ ಅದೇ ಕುರುಹು. ಅವನು ವಜ್ರಜಂಘನಾಗಿ, ಅವಳು ಶ್ರೀಮತಿಯಾಗಿ ಭೂಮಿಯಲ್ಲಿ ಹುಟ್ಟುತ್ತಾರೆ. ಆಕಾಶದಲ್ಲಿ ಹಾದುಹೋಗುವ ದೇವತೆಗಳನ್ನು ಕಂಡು ಶ್ರೀಮತಿಗೆ ಹಿಂದಿನ ಜನ್ಮದ ನೆನಪು ಮರುಕಳಿಸುತ್ತದೆ, ಮೂರ್ಛೆ ಹೋಗುತ್ತಾಳೆ. ಆ ನೆನಪನ್ನು ಪಟದ ಮೇಲೆ ಚಿತ್ರಿಸುತ್ತಾಳೆ. ಆ ಪಟವನ್ನು ಕಂಡು ಗುರುತಿಸಬಲ್ಲವನು ಲೋಕದಲ್ಲಿ ಒಬ್ಬನೇ. ಅವನು ಗುರುತಿಸುತ್ತಾನೆ, ಮದುವೆಯಾಗುತ್ತದೆ. ಒಂದು ರಾತ್ರಿ ಶಯ್ಯಾಗೃಹದಲ್ಲಿ ಕಾಳಾಗರು ಧೂಪ ಹಾಕಿದ್ದಾರೆ, ಪರಿಚಾರಕರು ಗವಾಕ್ಷ ತೆರೆಯಲು ಮರೆತಿದ್ದಾರೆ. ಸುಖಕ್ಕೆಂದು ಹಾಕಿದ ಹೊಗೆಯೇ ಉಸಿರು ಕಟ್ಟಿಸುತ್ತದೆ. ತಬ್ಬಿಕೊಂಡಂತೆಯೇ ಇಬ್ಬರೂ ಸಾಯುತ್ತಾರೆ. ಅಲ್ಲಿಂದ ಭೋಗಭೂಮಿ, ಸ್ವರ್ಗ, ಮತ್ತೆ ರಾಜ್ಯ, ಮತ್ತೆ ಸ್ವರ್ಗ. ಹೀಗೆ ಸಾಗಿ ಆ ಜೀವ ವೃಷಭನಾಗಿ ಹುಟ್ಟುತ್ತದೆ.

ಬಾಡಿದ ಮಾಲೆಯನ್ನೂ ಮುಚ್ಚಿದ ಗವಾಕ್ಷವನ್ನೂ ಮನಸ್ಸಿನಲ್ಲಿಟ್ಟುಕೊಂಡು ನೀಲಾಂಜನೆಯ ನೃತ್ಯಕ್ಕೆ ಬನ್ನಿ. ವೃಷಭನಿಗೆ ವೈರಾಗ್ಯ ಹುಟ್ಟಿಸಲು ಇಂದ್ರ ಕಳಿಸಿದ ಆ ನರ್ತಕಿಯ ಆಯುಸ್ಸು ಕುಣಿಯುತ್ತಿರುವಾಗಲೇ ಮುಗಿಯುತ್ತದೆ. ರಸಭಂಗವಾಗದಿರಲೆಂದು ಇಂದ್ರ ಆ ಕ್ಷಣದಲ್ಲೇ ಅವಳಂಥವಳೇ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆ ತಿಳಿಯುವುದಿಲ್ಲ, ವೃಷಭನಿಗೆ ತಿಳಿಯುತ್ತದೆ. ಇದನ್ನು ಬಿಡಿ ಪ್ರಸಂಗವಾಗಿ ಓದಿದರೆ ಅದೊಂದು ಚಮತ್ಕಾರ, ಬಹಳವೆಂದರೆ ಬದುಕು ನಶ್ವರವೆಂಬ ನೀತಿ. ಭವಾವಳಿಯ ಜೊತೆಗೆ ಓದಿದರೆ ಅದರ ಕಥೆಯೇ ಬೇರೆ. ಭೋಗದ ತುತ್ತತುದಿಯಲ್ಲಿ ಸದ್ದಿಲ್ಲದೆ ಎಲ್ಲವೂ ನಿಂತುಹೋಗುವುದನ್ನು ಈ ಜೀವ ಮತ್ತೆ ಮತ್ತೆ ಅನುಭವಿಸಿದೆ. ಪ್ರತಿ ಸಲವೂ ಸಾಯುವವನು ತಾನೇ ಆಗಿದ್ದರಿಂದ ನೋಡಲು ಆಗಿರಲಿಲ್ಲ. ಸಾಯುವುದನ್ನು ಹೊರಗಿನಿಂದ ನೋಡುವ ಅವಕಾಶ ನೀಲಾಂಜನೆಯ ಸಭೆಯಲ್ಲಿ ಸಿಗುತ್ತದೆ. ಹಾಗಾಗಿ ವೃಷಭನ ವೈರಾಗ್ಯ ಅರೆನಿಮಿಷದ ಆಘಾತದಿಂದ ಬಂದದ್ದಲ್ಲ, ಜನ್ಮಜನ್ಮಗಳ ಕಲಿಕೆ ಅಲ್ಲಿ ಹಣ್ಣಾಗುತ್ತದೆ. ಓದುಗನೂ ಆ ಜನ್ಮಗಳನ್ನು ದಾಟಿ ಬಂದಿದ್ದರೆ ಮಾತ್ರ ಸಭೆಯಲ್ಲಿ ಯಾರಿಗೂ ಕಾಣದ್ದು ಅವನಿಗೂ ಕಾಣುತ್ತದೆ.

ವೃಷಭನ ಮಗ ಭರತನ ಕಥೆಯೂ ಇದೇ ಎಳೆಯಲ್ಲಿ ಬರುತ್ತದೆ. ದಿಗ್ವಿಜಯ ಮುಗಿಸಿದ ಚಕ್ರವರ್ತಿ ವೃಷಭಾಚಲದ ಮೇಲೆ ತನ್ನ ಹೆಸರು ಕೆತ್ತಿಸಲು ಹೋಗುತ್ತಾನೆ. ಅಲ್ಲಿ ಹಿಂದಿನ ಚಕ್ರವರ್ತಿಗಳ ಹೆಸರು ತುಂಬಿ ಒಂದಿಷ್ಟೂ ಜಾಗವಿಲ್ಲ. ಅವನ ಗರ್ವ ಮುರಿಯುತ್ತದೆ. ಒಂದು ಹೆಸರನ್ನು ಅಳಿಸಿ ತನ್ನದನ್ನು ಬರೆಸುತ್ತಾನೆ. ಹೆಸರಿನ ಜಾಗದಲ್ಲಿ ಹೆಸರು, ನರ್ತಕಿಯ ಜಾಗದಲ್ಲಿ ನರ್ತಕಿ. ಮುಂದೆ ದೃಷ್ಟಿ, ಜಲ, ಮಲ್ಲ ಮೂರೂ ಯುದ್ಧಗಳಲ್ಲಿ ತಮ್ಮನಿಗೆ ಸೋತು, ತಡೆಯಲಾರದೆ ಅವನ ಮೇಲೆ ಚಕ್ರ ಬಿಡುತ್ತಾನೆ. ಗೆದ್ದ ಬಾಹುಬಲಿ ರಾಜ್ಯಲಕ್ಷ್ಮಿಯನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಡೆಯುತ್ತಾನೆ. ಅಣ್ಣ ಬೆಟ್ಟದ ಮೇಲೆ ಓದಿಯೂ ಕಲಿಯದ ಪಾಠವನ್ನು ತಮ್ಮ ಗೆಲುವಿನ ನಡುವೆ ಕಲಿತ.

ಇದನ್ನು ಲೌಕಿಕವಲ್ಲ ಎನ್ನುವುದು ಹೇಗೆ? ಆದಿಪುರಾಣ ಮುಗಿದದ್ದು 941ರಲ್ಲಿ. ಅದಕ್ಕೆ ಕೆಲವೇ ವರ್ಷ ಮೊದಲು ಪಂಪನ ಆಶ್ರಯದಾತ, ವೇಮುಲವಾಡದ ಚಾಲುಕ್ಯ ಇಮ್ಮಡಿ ಅರಿಕೇಸರಿ, ರಾಷ್ಟ್ರಕೂಟ ನಾಲ್ಕನೆಯ ಗೋವಿಂದನನ್ನು ಸೋಲಿಸಿ ಬದ್ದೆಗನನ್ನು ಸಿಂಹಾಸನಕ್ಕೆ ತರುವಲ್ಲಿ ಕೈಯಾಡಿಸಿದ್ದ. ಪಂಪ ಇದನ್ನು ತನ್ನ ಭಾರತದಲ್ಲಿ ಹೆಮ್ಮೆಯಿಂದಲೇ ಹೇಳುತ್ತಾನೆ. ಒಬ್ಬ ಚಕ್ರವರ್ತಿಯ ಹೆಸರು ಅಳಿಸಿ ಇನ್ನೊಬ್ಬನ ಹೆಸರು ಬರೆಯುವುದು ಆ ಕಾಲದವರಿಗೆ ಪುರಾಣವಾಗಿರಲಿಲ್ಲ, ಕಣ್ಣಾರೆ ಕಂಡದ್ದಾಗಿತ್ತು. ವಿಕ್ರಮಾರ್ಜುನವಿಜಯದಲ್ಲಿ ಅರ್ಜುನನೇ ಅರಿಕೇಸರಿ, ಕೊನೆಗೆ ಪಟ್ಟವೂ ಅರ್ಜುನನಿಗೇ. ಅಲ್ಲಿ ಅರಸುತನವನ್ನು ಮೆರೆಸದೆ ಗತ್ಯಂತರವಿಲ್ಲ. ಆ ಹಂಗಿಲ್ಲದ ಆದಿಪುರಾಣದಲ್ಲಿ ಅದೇ ಕವಿ ಅರಸುತನದ ಬುಡವನ್ನೇ ಅಲುಗಿಸಿ ನೋಡುತ್ತಾನೆ. ಅಧಿಕಾರದ ವಿಚಾರದಲ್ಲಿ ಹೆಚ್ಚು ಸ್ವತಂತ್ರವಾಗಿರುವುದು ನಾವು ‘ಆಗಮಿಕ’ವೆಂದು ಬದಿಗಿಟ್ಟ ಕಾವ್ಯವೇ.

ಎದುರು ವಾದದಲ್ಲಿ ಒಪ್ಪಬೇಕಾದದ್ದೂ ಇದೆ. ತೀರ್ಥಂಕರನ ಧರ್ಮಸಭೆಯಾದ ಸಮವಸರಣದ ವರ್ಣನೆ, ತತ್ತ್ವನಿರೂಪಣೆ ಇವು ಇಂದಿನ ಓದುಗನಿಗೆ ಭಾರವೇ. ಪಂಪ ಆಕರವನ್ನು ಬಹುಮಟ್ಟಿಗೆ ಅನುಸರಿಸಿದ್ದಾನೆ ಎಂಬುದೂ ನಿಜ. ಕರ್ಣನಷ್ಟು ಎದೆ ಹಿಂಡುವ ಪಾತ್ರ ಇಲ್ಲಿಲ್ಲ. ಆದರೆ ಭಾರವಾದ ಭಾಗಗಳಿವೆ ಎಂಬ ಮಾತಿಗೂ ಭವಾವಳಿಯೇ ಭಾರ ಎಂಬ ಮಾತಿಗೂ ಬಹಳ ಅಂತರವಿದೆ. ಕರ್ಣನನ್ನು ಅಳೆದ ಕೋಲಿನಿಂದ ಈ ಕಾವ್ಯವನ್ನು ಅಳೆಯಲಾಗದು. ಇಲ್ಲಿ ನಾಯಕ ಒಂದು ಜನ್ಮದ ವ್ಯಕ್ತಿಯಲ್ಲ, ಜನ್ಮಗಳ ಉದ್ದಕ್ಕೂ ಪಳಗುತ್ತ ಬಂದ ಒಂದು ಜೀವ.

ಅದಕ್ಕೆ ಕೊನೆಯದಾಗಿ ಒಂದು ಪ್ರಸಂಗವನ್ನು ಮುಂದಿಡುತ್ತೇನೆ. ದೀಕ್ಷೆ ಪಡೆದ ವೃಷಭನಾಥ ಆಹಾರಕ್ಕಾಗಿ ಊರೂರು ನಡೆಯುತ್ತಾನೆ. ಮುನಿಗೆ ಅನ್ನ ನೀಡುವ ಬಗೆ ಯಾರಿಗೂ ಗೊತ್ತಿಲ್ಲ. ಒಡವೆ ತರುತ್ತಾರೆ, ವಾಹನ ತರುತ್ತಾರೆ, ತುತ್ತು ಅನ್ನ ತರುವವರಿಲ್ಲ. ಹಸ್ತಿನಾಪುರದಲ್ಲಿ ಶ್ರೇಯಾಂಸನೆಂಬ ರಾಜಕುಮಾರನಿಗೆ ಅವನನ್ನು ಕಂಡೊಡನೆ ಹಿಂದಿನ ಜನ್ಮ ನೆನಪಾಗುತ್ತದೆ. ಆ ಜನ್ಮದಲ್ಲಿ ತಾವಿಬ್ಬರೂ ಚಾರಣಮುನಿಗಳಿಗೆ ಆಹಾರ ನೀಡಿದ್ದು ನೆನಪಾಗುತ್ತದೆ. ಆ ನೆನಪಿನ ಬಲದಿಂದ ಅವನು ಕಬ್ಬಿನ ಹಾಲು ನೀಡುತ್ತಾನೆ. ಜೈನರು ಅಕ್ಷಯತದಿಗೆಯಂದು ಇಂದಿಗೂ ಸ್ಮರಿಸುವ ದಾನ ಅದು. ಭವಾವಳಿ ಹಾರಿಸಿದವರಿಗೆ ಶ್ರೇಯಾಂಸ ಒಬ್ಬ ಪುಣ್ಯವಂತ ಅರಸುಮಗ, ಅಷ್ಟೆ. ಹಾರಿಸದವರಿಗೆ ಗೊತ್ತು, ಅವನು ಶ್ರೀಮತಿ. ನೆನಪನ್ನು ಪಟದಲ್ಲಿ ಬರೆದವಳು, ಧೂಪದ ಹೊಗೆಯಲ್ಲಿ ವಜ್ರಜಂಘನನ್ನು ತಬ್ಬಿ ಸತ್ತವಳು. ಎಷ್ಟೋ ಜನ್ಮಗಳಾಚೆ ಹಸಿದು ಬಂದವನನ್ನು ಗುರುತಿಸುವುದು ಆ ಹಳೆಯ ಪ್ರೀತಿಯೇ. ಈಗ ಅದಕ್ಕೆ ತಬ್ಬುವ ಆಸೆಯಿಲ್ಲ, ಉಣಿಸಿ ಕಳಿಸುವುದಷ್ಟೇ ಸಾಕು.