ಜಾಕಿ, ಸೈಜುಗಲ್ಲು ಮತ್ತು ಕಾರಿನಡಿಯ ಕೆಲಸ

ಪಾಂಡವಪುರ ಸೀಮೆಯಲ್ಲಿ ಕಾರಿಗೆ ಸಣ್ಣಪುಟ್ಟ ರಿಪೇರಿ ಬಂದರೆ ಗ್ಯಾರೇಜಿಗೇ ಹೋಗಬೇಕೆಂದೇನಿಲ್ಲ. ತೊಣ್ಣೂರಿನಂಥ ಊರಲ್ಲಿ ಮನೆ ಮುಂದಿನ ಅಂಗಳವೋ ಹುಣಸೆಮರದ ನೆರಳೋ ಸಾಕು. ಕೆಟ್ಟ ಪಂಪ್‌ಸೆಟ್ಟನ್ನು ಗದ್ದೆಯ ಬದುವಿನ ಮೇಲೇ ಬಿಚ್ಚಿ ಜೋಡಿಸಿದ ಜನ ಇವರು. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರ್ ನಿಂತುಹೋದರೆ ಮೆಕ್ಯಾನಿಕ್ಕಿಗೆ ಕಾಯದೆ ತಾವೇ ಸ್ಪ್ಯಾನರ್ ಹಿಡಿದವರು. ಇಂಥವರಿಗೆ ಹಳೇ ಮಾರುತಿಯ ಬ್ರೇಕ್ ಪ್ಯಾಡ್ ಬದಲಿಸುವುದು, ತೂತಾದ ಸೈಲೆನ್ಸರಿಗೆ ಪಟ್ಟಿ ಬಿಗಿಯುವುದು ದೊಡ್ಡ ಮಾತಲ್ಲ. ಈ ಕೈಚಳಕ ನಮ್ಮ ನೀರಾವರಿ ಸೀಮೆ ತಾನಾಗಿ ಗಳಿಸಿಕೊಂಡ ಆಸ್ತಿ. ಅದರ ಮೇಲೆ ಪ್ರೀತಿ ಇರುವುದರಿಂದಲೇ ಅದರ ಒಂದು ಭಾಗವನ್ನು ನಿಷ್ಠುರವಾಗಿ ನೋಡಬೇಕು ಅನ್ನಿಸುತ್ತದೆ. ಅದು ಕಾರನ್ನು ಎತ್ತಿ ಅದರ ಅಡಿಗೆ ಹೋಗುವ ನಮ್ಮ ಕ್ರಮ. ಎತ್ತುವುದರಲ್ಲಿ ನಾವು ನಿಸ್ಸೀಮರು. ಎತ್ತಿದ್ದನ್ನು ನಿಲ್ಲಿಸುವುದರಲ್ಲಿ ಸೋತಿದ್ದೇವೆ.

ಮೊದಲು ಸರಿಯಾಗಿರುವುದನ್ನು ಹೇಳಬೇಕು. ಗಾಲಿಗೆ ಕಲ್ಲು ಕೊಡದೆ ಜಾಕಿ ಹಾಕುವವರು ನಮ್ಮಲ್ಲಿ ಕಡಿಮೆ. ಕಬ್ಬಿನ ಲೋಡು ಹೊತ್ತ ಟ್ರಾಲಿ ರಸ್ತೆ ಬದಿಯಲ್ಲಿ ಪಂಚರ್ ಆಗಿ ನಿಂತರೆ ಮೊದಲು ಇಳಿದವನು ಹುಡುಕುವುದೇ ಕಲ್ಲನ್ನು. ಉರುಳುವುದನ್ನು ತಡೆಯುವ ಈ ವಿವೇಕ ಈ ನಾಡಿಗೆ ಹಳೆಯದು. ಮೇಲುಕೋಟೆಯಂಥ ತೇರಿನ ಊರುಗಳ ಪಕ್ಕದಲ್ಲೇ ಬೆಳೆದವರಿಗೆ, ಗಾಲಿಯ ಪಕ್ಕ ಮರದ ತುಂಡು ಹಿಡಿದು ನಿಲ್ಲುವವನ ಕೆಲಸ ಹಗ್ಗ ಎಳೆಯುವವನ ಕೆಲಸಕ್ಕಿಂತ ಕಡಿಮೆಯದಲ್ಲ ಎಂದು ಯಾರೂ ಪಾಠ ಮಾಡಬೇಕಿಲ್ಲ.

ಹಾಗಿದ್ದರೂ ಕಾರಿನ ವಿಷಯದಲ್ಲಿ ಹೊಸ ಹುಡುಗರು ಕಲ್ಲನ್ನು ಬಿಟ್ಟು ಹ್ಯಾಂಡ್‌ಬ್ರೇಕನ್ನೂ ಗೇರನ್ನೂ ನಂಬತೊಡಗಿದ್ದಾರೆ. ಇದು ತಪ್ಪು ನಂಬಿಕೆ. ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು, ಎಂಜಿನ್ ತಿರುಗಿಸುವುದು ಮುಂದಿನ ಗಾಲಿಗಳನ್ನು. ಹಿಂದಿನ ಎರಡೂ ಗಾಲಿ ನೆಲ ಬಿಟ್ಟರೆ ಹ್ಯಾಂಡ್‌ಬ್ರೇಕ್ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಮುಂದಿನ ಒಂದು ಗಾಲಿಯನ್ನು ಎತ್ತಿದಾಗ ಗೇರಿಗೂ ಅದೇ ಗತಿ: ಎತ್ತಿದ ಗಾಲಿ ಗಾಳಿಯಲ್ಲಿ ಸುಮ್ಮನೆ ತಿರುಗುತ್ತದೆ, ಡಿಫರೆನ್ಷಿಯಲ್ ಇರುವುದರಿಂದ ನೆಲದ ಮೇಲಿರುವ ಇನ್ನೊಂದು ಗಾಲಿ ಉರುಳಲು ಸ್ವತಂತ್ರವಾಗುತ್ತದೆ. ಹ್ಯಾಂಡ್‌ಬ್ರೇಕೂ ಬೇಕು, ಗೇರೂ ಬೇಕು. ಆದರೆ ನೆಲದಲ್ಲಿ ಉಳಿದ ಗಾಲಿಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಡುವ ಅಜ್ಜನ ಕಾಲದ ಬುದ್ಧಿಗೆ ಇವೆರಡೂ ಬದಲಿಯಾಗಲಾರವು.

ತಕರಾರು ಶುರುವಾಗುವುದು ಅದೇ ಕಲ್ಲು ಗಾಲಿಯ ಮುಂದಿನಿಂದ ಕಾರಿನ ಹೊಟ್ಟೆಯಡಿಗೆ ಹೋದಾಗ. ಬೇಬಿ ಬೆಟ್ಟದ ಸುತ್ತ ವರ್ಷಾನುಗಟ್ಟಲೆ ಕಲ್ಲು ಒಡೆದ ತಾಲ್ಲೂಕು ಇದು. ಮನೆ ಕಟ್ಟಿ ಮಿಕ್ಕ ಸೈಜುಗಲ್ಲು ಅಂಗಳದ ಮೂಲೆಯಲ್ಲಿ ಬಿದ್ದೇ ಇರುತ್ತದೆ. ಜಾಕಿಯಲ್ಲಿ ಎತ್ತಿ, ಎರಡು ಮೂರು ಸೈಜುಗಲ್ಲನ್ನು ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಕಾರಿನ ಅಂಚನ್ನು ಕೂರಿಸಿ ಒಳಗೆ ನುಸುಳುವುದು ವಾಡಿಕೆಯಾಗಿದೆ. ಕಲ್ಲು ಗಟ್ಟಿ, ನಿಜ. ಆದರೆ ಸುತ್ತಿಗೆಯಲ್ಲಿ ಒಡೆದ ಅದರ ಮುಖಗಳು ಒಂದರ ಮೇಲೊಂದು ಪೂರ್ತಿ ಕೂರುವುದಿಲ್ಲ, ಎರಡು ಮೂರು ಉಬ್ಬುಗಳ ಮೇಲೆ ನಿಂತಿರುತ್ತವೆ. ತುಕ್ಕು ಹಿಡಿದ ಬೋಲ್ಟೊಂದನ್ನು ಕೆಳಗಿನಿಂದ ಜೋರಾಗಿ ಎಳೆದಾಗ ಕಾರು ಅಡ್ಡಕ್ಕೆ ಅಲುಗುತ್ತದೆ. ಪೇರಿಸಿದ ಕಲ್ಲು ಜಾರುವುದು ಆ ಗಳಿಗೆಯಲ್ಲೇ.

ಸಿಮೆಂಟ್ ಬ್ಲಾಕಂತೂ ಇದಕ್ಕಿಂತ ಮೋಸದ್ದು. ಗೋಡೆಯಲ್ಲಿ ಅದು ಮಹಡಿಯನ್ನೇ ಹೊರುತ್ತದೆ, ಯಾಕೆಂದರೆ ಅಲ್ಲಿ ಭಾರ ಇಡೀ ಮೈಗೆ ಹರಡಿರುತ್ತದೆ. ಕಾರಿನಡಿಯಲ್ಲಿ ತಗಡಿನ ಒಂದು ಚೂಪು ಅಂಚು ಅದರ ಒಂದೇ ಗೆರೆಯನ್ನು ಒತ್ತುತ್ತದೆ. ಬಿರುಕು ಕಣ್ಣಿಗೆ ಕಾಣುವ ಮುನ್ನವೇ ಬ್ಲಾಕು ಪುಡಿಯಾಗುತ್ತದೆ. ಬಾಗುವುದಿಲ್ಲ, ಕಿರುಗುಟ್ಟುವುದಿಲ್ಲ, ಮುನ್ಸೂಚನೆ ಕೊಡುವುದಿಲ್ಲ. ಇಟ್ಟಿಗೆಯೂ ಅಷ್ಟೆ. ಇವೆರಡನ್ನೂ ಕಾರಿನಡಿಗೆ ಯಾವ ಕಾರಣಕ್ಕೂ ಇಡಬಾರದು. ಇದರಲ್ಲಿ ರಿಯಾಯಿತಿಯ ಮಾತೇ ಇಲ್ಲ.

ಇನ್ನು ಜಾಕಿಯನ್ನೇ ನಂಬಿ ಅಡಿಗೆ ಹೋಗುವವರ ಮಾತು. “ಒಂದ್ ಗಳಿಗೆ ಕೆಲ್ಸ ಕಣಣ್ಣ, ಏನೂ ಆಗಕಿಲ್ಲ” ಎನ್ನುವುದನ್ನು ಕೇಳದವರು ಈ ಸೀಮೆಯಲ್ಲಿ ಯಾರಿದ್ದಾರೆ? ಡಿಕ್ಕಿಯಲ್ಲಿ ಬರುವ ಕತ್ತರಿ ಜಾಕಿ ಟೈರು ಬದಲಿಸಲೆಂದೇ ಮಾಡಿದ್ದು. ಅಂಗೈ ಅಗಲದ ಪಾದದ ಮೇಲೆ, ಒಂದೇ ತಿರುಪಿನ ಬಲದಿಂದ ಅದು ಕಾರಿನ ಒಂದು ಮೂಲೆಯನ್ನು ಎತ್ತಿ ಹಿಡಿಯುತ್ತದೆ. ನೇರ ಭಾರಕ್ಕೆ ಅದು ಸಮರ್ಥ, ಅಡ್ಡ ನೂಕಿಗೆ ಅಲ್ಲ. ಕಾರು ಒಂದಿಷ್ಟು ಮುಂದಕ್ಕೆ ಜರುಗಿದರೂ ಜಾಕಿ ವಾಲುತ್ತದೆ. ಕೆರೆಯ ನೀರು ಹರಿಯುವ ಕಾಲದಲ್ಲಿ ನಮ್ಮ ಅಂಗಳಗಳ ಮಣ್ಣು ಮೆತ್ತಗಿರುತ್ತದೆ. ಅಂಥ ನೆಲದಲ್ಲಿ ಆ ಪಾದದ ಒಂದು ಅಂಚು ಒಳಗಿಳಿಯಲು ಹೊತ್ತು ಬೇಕಿಲ್ಲ. ದಪ್ಪ ಹಲಗೆಯೋ ಕಬ್ಬಿಣದ ತಟ್ಟೆಯೋ ಕೆಳಗಿಡದೆ ಮಣ್ಣಿನ ಮೇಲೆ ಜಾಕಿ ಹಾಕಲೇಬಾರದು.

ಬಾಟಲಿ ಜಾಕಿಗೆ ಬಲ ಹೆಚ್ಚು. 1795ರಲ್ಲಿ ಜೋಸೆಫ್ ಬ್ರಾಮಾ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಹೈಡ್ರಾಲಿಕ್ ಪ್ರೆಸ್ಸಿನ ತತ್ತ್ವವೇ ಅದರೊಳಗೂ ಇದೆ. ಸಣ್ಣ ಕೊಳವೆಯಲ್ಲಿ ಒತ್ತಿದ ಎಣ್ಣೆ ದೊಡ್ಡ ಕೊಳವೆಯಲ್ಲಿ ಟನ್ನುಗಟ್ಟಲೆ ಭಾರ ಎತ್ತುತ್ತದೆ. ಆದರೆ ಅಷ್ಟೂ ಭಾರ ಕೊನೆಗೆ ನಿಂತಿರುವುದು ಒಂದು ರಬ್ಬರ್ ಸೀಲು, ಒಂದು ಸಣ್ಣ ವಾಲ್ವಿನ ಮೇಲೆ. ಟ್ರ್ಯಾಕ್ಟರ್ ಷೆಡ್ಡಿನ ದೂಳಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಜಾಕಿಯ ಸೀಲು ಹೇಗಿದೆ ಎಂದು ಹೊರಗಿನಿಂದ ಹೇಳುವವರಾರು?

ಟ್ರಾಲಿ ಜಾಕಿಯನ್ನು ನೋಡಿ ಬಹಳ ಜನ ಮರುಳಾಗುತ್ತಾರೆ. ಸಿಮೆಂಟ್ ನೆಲದ ಗ್ಯಾರೇಜಿನಲ್ಲಿ ಅದು ಮೂರರಲ್ಲೂ ಉತ್ತಮ, ಒಪ್ಪೋಣ. ಆದರೆ ಅದರ ಚಕ್ರಗಳು ತಳ್ಳಿಕೊಂಡು ಹೋಗಲು ಮಾತ್ರ ಇರುವುದಲ್ಲ. ಜಾಕಿಯ ತೋಳು ಬಿಲ್ಲಿನಾಕಾರದಲ್ಲಿ ಮೇಲೇರುವಾಗ ಅದರ ತುದಿ ಹಿಂದಕ್ಕೆ ಸರಿಯುತ್ತದೆ. ಆ ಸರಿತವನ್ನು ನುಂಗಲು ಜಾಕಿ ಕಾರಿನಡಿಗೆ ತಾನೇ ಉರುಳಬೇಕು. ಜಲ್ಲಿಕಲ್ಲು, ಕೆಮ್ಮಣ್ಣಿನ ಅಂಗಳದಲ್ಲಿ ಆ ಸಣ್ಣ ಕಬ್ಬಿಣದ ಚಕ್ರಗಳು ಹೂತು ನಿಂತುಬಿಡುತ್ತವೆ. ಆಗ ಒಂದೋ ಕಾರು ಜಾಕಿಯ ಕಡೆಗೆ ಎಳೆದುಕೊಳ್ಳುತ್ತದೆ, ಇಲ್ಲವೇ ಜಾಕಿಯ ಬಟ್ಟಲು ಅಂಚಿನಿಂದ ಜಾರುತ್ತದೆ. ಪಟ್ಟಣದ ಗ್ಯಾರೇಜಿಗೆ ಒಗ್ಗಿದ ಉಪಕರಣ ಹಳ್ಳಿಯ ಅಂಗಳಕ್ಕೂ ಒಗ್ಗುತ್ತದೆ ಎಂದು ತಿಳಿದು ದುಡ್ಡು ಸುರಿಯುವ ಮುನ್ನ ಇದನ್ನು ಯೋಚಿಸಬೇಕು.

ಹಾಗಾದರೆ ಕಾರು ಯಾವುದರ ಮೇಲೆ ನಿಲ್ಲಬೇಕು? ಜಾಕ್ ಸ್ಟ್ಯಾಂಡಿನ ಮೇಲೆ. ಅಗಲ ಪಾದದ, ಉಕ್ಕಿನ, ಜೊತೆಯಾಗಿ ಬರುವ ಆ ಗುಜ್ಜು ಕಾಲುಗಳಲ್ಲಿ ಎಣ್ಣೆಯಿಲ್ಲ, ಸೀಲಿಲ್ಲ. ಒಂದು ಜೊತೆಯ ಬೆಲೆ ಹೊಸ ಟೈರೊಂದರ ಬೆಲೆಗಿಂತ ಹೆಚ್ಚೇನಲ್ಲ. ಆದರೂ ಮೂರು ಬಗೆಯ ಜಾಕಿ ಇಟ್ಟುಕೊಂಡವರ ಮನೆಯಲ್ಲೂ ನಾನು ಸ್ಟ್ಯಾಂಡನ್ನು ಕಂಡದ್ದು ಅಪರೂಪ. ಸ್ಟ್ಯಾಂಡುಗಳಲ್ಲೂ ಹಲ್ಲು ಹಲ್ಲಾಗಿ ಏರುವ ಬಗೆಗಿಂತ, ತೂತಿನ ಮೂಲಕ ದಪ್ಪ ಉಕ್ಕಿನ ಪಿನ್ನು ತೂರಿಸುವ ಬಗೆಯನ್ನು ನಾನು ಮೆಚ್ಚುತ್ತೇನೆ. ಇದಕ್ಕೆ ಕಾರಣ ಇದೆ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಕಂಪನಿ ತಾನು ಮಾರಿದ ಸುಮಾರು 17 ಲಕ್ಷ ಸ್ಟ್ಯಾಂಡುಗಳನ್ನು ವಾಪಸು ಕರೆಯಬೇಕಾಯಿತು. ಹಲ್ಲಿಗೆ ಕೊಕ್ಕೆ ಪೂರ್ತಿ ಕೂರದೆ, ಭಾರ ಅಲುಗಿದಾಗ ಕಾರು ಕೆಳಗಿಳಿಯುವ ಅಪಾಯ ಅವುಗಳಲ್ಲಿತ್ತು. ಬದಲಿಗೆಂದು ಕೊಟ್ಟ ಕೆಲವು ಸ್ಟ್ಯಾಂಡುಗಳಲ್ಲೂ ವೆಲ್ಡಿಂಗ್ ದೋಷ ಸಿಕ್ಕಿ ಅದೇ ವರ್ಷ ಅವನ್ನೂ ಹಿಂಪಡೆದರು. ಪಿನ್ನು ತೂರಿದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. ಹಲ್ಲಿನ ಸ್ಟ್ಯಾಂಡೇ ಇದ್ದರೆ, ಕೊಕ್ಕೆ ಪೂರ್ತಿ ಕೂತಿದೆಯೇ ಎಂದು ಬಗ್ಗಿ ನೋಡಿ, ಕೈಯಲ್ಲಿ ಒತ್ತಿ ಖಾತ್ರಿ ಮಾಡಿಕೊಳ್ಳಬೇಕು.

ಸ್ಟ್ಯಾಂಡ್ ಇಲ್ಲದವರಿಗೆ ಮರ ಇದೆ. ಇದನ್ನು ಎರಡನೇ ದರ್ಜೆಯ ಉಪಾಯ ಎಂದು ತಳ್ಳಿಹಾಕುವಂತಿಲ್ಲ. ಹುಣಸೆಯದೋ ಕರಿಜಾಲಿಯದೋ ಗಟ್ಟಿ ಮರವನ್ನು ಚೌಕನೆ ಕೊಯ್ಯಿಸಿ, ಎರಡು ಉದ್ದಕ್ಕೆ, ಎರಡು ಅಡ್ಡಕ್ಕೆ ಎಂದು ಅಟ್ಟಣಿಗೆ ಕಟ್ಟಿದರೆ, ಎತ್ತರ ಅಗಲವನ್ನು ಮೀರದಿದ್ದರೆ, ಅದು ಭಾರ ಹೊರುತ್ತದೆ. ಹೆಚ್ಚಾದರೆ ಮರ ಮೊದಲು ನಲುಗುತ್ತದೆ, ಸದ್ದು ಮಾಡುತ್ತದೆ. ಕಲ್ಲಿಗೂ ಇಟ್ಟಿಗೆಗೂ ಇಲ್ಲದ ಗುಣ ಅದು. ಗಾಡಿಯ ಗಾಲಿ ಕಳಚಿ ಕೀಲೆಣ್ಣೆ ಹಾಕುವಾಗ ಅಚ್ಚಿನ ಕೆಳಗೆ ಮರದ ಆನಿಕೆ ಕೊಡುತ್ತಿದ್ದ ಹಿರಿಯರು ಕಾರಿನ ಕಾಲಕ್ಕೂ ಸಲ್ಲುವ ಪಾಠ ಬಿಟ್ಟುಹೋಗಿದ್ದಾರೆ.

ಸ್ಟ್ಯಾಂಡನ್ನೋ ಅಟ್ಟಣಿಗೆಯನ್ನೋ ಎಲ್ಲಿ ಕೊಡಬೇಕು ಎಂಬುದೂ ಅಷ್ಟೇ ಮುಖ್ಯ. ಬಾಗಿಲಿನ ಕೆಳಗಿನ ಅಂಚಿನಲ್ಲಿ, ಗಾಲಿಗೆ ಹತ್ತಿರವಾಗಿ, ಎರಡು ಕಚ್ಚುಗಳ ನಡುವೆ ಬಲಪಡಿಸಿದ ಜಾಗ ಬಹಳ ಕಾರುಗಳಲ್ಲಿ ಇರುತ್ತದೆ. ಅಲ್ಲಿಗೋ ಕೈಪಿಡಿ ತೋರಿಸುವ ಬೇರೆ ಗಟ್ಟಿ ಜಾಗಕ್ಕೋ ಮಾತ್ರ ಕೊಡಬೇಕು. ನೆಲದ ತಗಡಿಗೆ ಕೊಟ್ಟರೆ ಅದು ಒಳಕ್ಕೆ ತಗ್ಗುತ್ತದೆ, ಎಣ್ಣೆ ತೊಟ್ಟಿಗೆ ಕೊಟ್ಟರೆ ಎಂಜಿನ್ನೇ ಹಾಳು. ಭಾರ ಕೂತ ಮೇಲೆ, ಒಳಗೆ ಹೋಗುವ ಮುನ್ನ, ಹೊರಗೆ ನಿಂತು ಕಾರನ್ನು ಪಕ್ಕದಿಂದ ನೂಕಿ ಅಲುಗಿಸಬೇಕು. ಬೀಳುವುದಿದ್ದರೆ ಆಗಲೇ ಬೀಳಲಿ. ಬಿಚ್ಚಿದ ಗಾಲಿಯನ್ನೋ ಸ್ಟೆಪ್ನಿಯನ್ನೋ ಅಂಚಿನಡಿಗೆ ಮಲಗಿಸಿಡುವ ನಮ್ಮ ಲಾರಿ ಡ್ರೈವರುಗಳ ರೂಢಿಗೆ ಪೂರ್ತಿ ಅಂಕ ಕೊಡುತ್ತೇನೆ: ಬಿದ್ದ ಕಾರು ಅದರ ಮೇಲೆ ನಿಲ್ಲುತ್ತದೆ, ಮನುಷ್ಯನ ಎದೆಯ ಮೇಲಲ್ಲ.

ಎದೆಯ ಮಾತು ಯಾಕೆಂದರೆ, ಹಳೇ ಮಾರುತಿ 800ರ ತೂಕವೇ 650 ಕಿಲೋ ಆಸುಪಾಸು, ಇನ್ನೋವಾ ಕ್ರಿಸ್ಟಾದ್ದು 1800 ಕಿಲೋ ಆಸುಪಾಸು. ಇವುಗಳಲ್ಲಿ ಯಾವುದರದೇ ಆಗಲಿ, ಒಂದು ಮೂಲೆಯ ಭಾರ ಎದೆಯ ಮೇಲೆ ಕೂತರೆ ಮೂಳೆ ಮುರಿಯದಿದ್ದರೂ ಉಸಿರು ಒಳಗೆಳೆಯಲಾಗುವುದಿಲ್ಲ. 108ಕ್ಕೆ ಫೋನು ಮಾಡಲೇಬೇಕು. ಆದರೆ ಪಾಂಡವಪುರದಿಂದ ಆಂಬುಲೆನ್ಸ್ ಬರುವಷ್ಟು ಹೊತ್ತು ಆ ಜೀವಕ್ಕಿರುವುದಿಲ್ಲ. ಒಬ್ಬರೇ ಇರುವಾಗ ಕಾರಿನಡಿಗೆ ಹೋಗಬೇಡಿ ಎನ್ನುವುದು ಇದಕ್ಕೇ. ಪಕ್ಕದಲ್ಲೊಬ್ಬರಿದ್ದು, ಕೈಗೆಟಕುವ ಹಾಗೆ ಇನ್ನೊಂದು ಜಾಕಿ ಇರಬೇಕು.

ಕಾರು ಕಂಪನಿಗಳ ಮೇಲೂ ನನಗೆ ಅಸಮಾಧಾನವಿದೆ. ಎತ್ತಿದ ಕಾರಿನಡಿಗೆ ಹೋಗಬೇಡಿ ಎಂದು ಕೈಪಿಡಿಯಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ. ನಾನು ನೋಡಿದ ಕೈಪಿಡಿಗಳಲ್ಲಿ ಆ ಎಚ್ಚರಿಕೆ ಇಂಗ್ಲಿಷಿನಲ್ಲಿದೆ, ಅದನ್ನು ಓದಬೇಕಾದವರು ಕನ್ನಡ ಓದುವವರು. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ, ಪಂಚರ್ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ತಿದ್ದಿದೆ. ಸ್ಟೆಪ್ನಿ ಹೋದ ಕಾರಿನಲ್ಲಿ ಜಾಕಿಯೂ ಉಳಿಯುವುದು ಅನುಮಾನ. ಮನೆಯಲ್ಲಿ ರಿಪೇರಿ ಮಾಡಿಕೊಳ್ಳುವವನ ಕೈಗೆ ಆಗ ಸಿಗುವುದು ಸೈಜುಗಲ್ಲೂ ಯಾರದೋ ಹಳೇ ಬಾಟಲಿ ಜಾಕಿಯೂ ಮಾತ್ರ.

ಇನ್ನೊಂದು ಮಾತು, ಇದು ಕಾರಿನಡಿಯದಲ್ಲ, ರಸ್ತೆಯದು. ಟೈರು ಬದಲಿಸಿ ಹೊರಟವರು ಗಾಲಿಗೆ ಕೊಟ್ಟ ಕಲ್ಲನ್ನು ರಸ್ತೆಯಲ್ಲೇ ಬಿಟ್ಟುಹೋಗುತ್ತಾರೆ. ಕತ್ತಲಲ್ಲಿ ಬೈಕಿನಲ್ಲಿ ಬರುವವನಿಗೆ ಅದು ಕಾಣುವುದಿಲ್ಲ. ಕೊಟ್ಟ ಕಲ್ಲನ್ನು ತೆಗೆದು ಬದಿಗೆ ಹಾಕುವುದೂ ಕೆಲಸದ ಭಾಗವೇ.

ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು ಟಿಲ್ಲರು, ರೋಟವೇಟರುಗಳನ್ನು ಬಾಡಿಗೆಗೆ ಕೊಡುತ್ತವೆ. ಅಲ್ಲಿ ನಾಲ್ಕು ಜಾಕ್ ಸ್ಟ್ಯಾಂಡುಗಳನ್ನೂ ಇಡಲಿ. ಊರಿನ ಹಾಲಿನ ಡೈರಿಯಲ್ಲಿ ಒಂದು ಜೊತೆ ಇದ್ದರೆ ಇನ್ನೂ ಒಳ್ಳೆಯದು, ದಿನಾ ಬೆಳಿಗ್ಗೆ ಎಲ್ಲರೂ ಹೋಗುವ ಜಾಗ ಅದು. ತೊಣ್ಣೂರಿನ ಹುಡುಗರು ಇದನ್ನು ಈ ವರ್ಷವೇ ಶುರುಮಾಡಬಹುದು, ಸರ್ಕಾರಕ್ಕೆ ಕಾಯಬೇಕಿಲ್ಲ. ಅಲ್ಲಿಯವರೆಗೆ, ಜಾಕಿ ಮಾತ್ರ ಇರುವ ಮನೆಯವರು ಟೈರು ಬದಲಿಸಿಕೊಳ್ಳಿ, ಕಾರಿನಡಿಯ ಕೆಲಸವನ್ನು ಪಾಂಡವಪುರದ ಗ್ಯಾರೇಜಿಗೆ ಬಿಡಿ.