ಜಪಾನೀ ಸಮಾಜದ ವ್ಯಾಸಂಗವೂ ನಕಾನೆಯವರ ಗ್ರಂಥವೂ

ಜಪಾನ್ ದೇಶದ ಸಮಾಜವನ್ನು ವಿಶ್ವವಿದ್ಯಾನಿಲಯಗಳಲ್ಲಿ ವ್ಯಾಸಂಗಮಾಡುವವರು ಕೈಗೆತ್ತಿಕೊಳ್ಳುವ ಗ್ರಂಥಗಳಲ್ಲಿ ನಕಾನೆ ಚಿಯೆಯವರದು ಒಂದು. ಇದು ಜಪಾನೀ ಭಾಷೆಯಲ್ಲಿ 1967ರಲ್ಲಿಯೂ, ‘ಜಪಾನೀಸ್ ಸೊಸೈಟಿ’ ಎಂಬ ಹೆಸರಿನಿಂದ ಇಂಗ್ಲಿಷಿನಲ್ಲಿ 1970ರಲ್ಲಿಯೂ ಹೊರಬಂದಿತು. ಇದಕ್ಕೆ ಮುಂಚೆ ರೂತ್ ಬೆನೆಡಿಕ್ಟರು ಸೇವಂತಿಗೆಯನ್ನೂ ಖಡ್ಗವನ್ನೂ ಹೆಸರಿನಲ್ಲಿಟ್ಟು 1946ರಲ್ಲಿ ಪ್ರಕಟಿಸಿದ ಗ್ರಂಥವುಂಟಷ್ಟೆ. ಅದು ಯುದ್ಧಕಾಲದಲ್ಲಿ ಅಮೆರಿಕದ ಸರಕಾರದ ಅಪೇಕ್ಷೆಯಂತೆ, ಜಪಾನಿಗೆ ಹೋಗದೆಯೇ ನಡೆಸಿದ ಸಂಶೋಧನೆಯ ಫಲ. ಶತ್ರುವಿನ ಸ್ವಭಾವವನ್ನರಿಯುವ ಆತುರವೇ ಅಲ್ಲಿ ಮುಂದು. ನಕಾನೆಯವರು ಸ್ವಭಾವವನ್ನು ಬಿಟ್ಟು ಸಮಾಜದ ರಚನೆಯನ್ನು ಹಿಡಿದರು. ಇದು ದೊಡ್ಡ ಲಾಭವೆಂಬುದರಲ್ಲಿ ಸಂದೇಹವಿಲ್ಲ.

ಅವರ ಮತದಂತೆ ಜನರು ಗುಂಪುಗೂಡುವುದು ಎರಡು ಬಗೆ: ಸಮಾನ ಲಕ್ಷಣದಿಂದ, ಇಲ್ಲವೆ ಸಮಾನ ಸ್ಥಾನದಿಂದ. ಜಪಾನೀಯನು ತನ್ನ ಪರಿಚಯವನ್ನು ಹೇಳುವಾಗ ಕಸುಬಿಗಿಂತಲೂ ಮೊದಲು ತಾನು ಇಂಥ ಕಂಪೆನಿಯವನೆಂದು ಹೇಳುತ್ತಾನೆ. ಸ್ಥಾನದಿಂದ ಕೂಡಿದವರನ್ನು ಬಿಗಿಯುವುದು ಮೇಲುಕೆಳಗಿನ ಸಂಬಂಧ. ಲಕ್ಷಣಪ್ರಧಾನವಾದ ಸಮಾಜಕ್ಕೆ ಭಾರತದ ಜಾತಿಪದ್ಧತಿ ಉದಾಹರಣೆ. ಇಲ್ಲಿ ಕನ್ನಡ ವಾಚಕನು ಸ್ವಲ್ಪ ತಡೆಯಬೇಕು. ಎಂ. ಎನ್. ಶ್ರೀನಿವಾಸರು ಮೈಸೂರು ಸೀಮೆಯ ರಾಂಪುರದಲ್ಲಿ 1948ರಲ್ಲಿ ನೆಲೆನಿಂತು ಕಂಡದ್ದೇನು? ಜಾತಿಯ ಅಡ್ಡಕಟ್ಟಿನ ಜೊತೆಯಲ್ಲಿಯೇ ಹೊಲದೊಡೆಯನಿಗೂ ಆಳಿಗೂ, ಸಾಲ ಕೊಟ್ಟವನಿಗೂ ಕೊಂಡವನಿಗೂ ನಡುವೆ ಇರುವ ಮೇಲುಕೆಳಗಿನ ಕಟ್ಟು. ನಾನಾ ಜಾತಿಗಳನ್ನು ಒಂದೂರಿನವರನ್ನಾಗಿ ಮಾಡುವ ಕಟ್ಟು. ಎರಡು ಬಗೆಗಳೂ ಒಂದೇ ಊರಿನಲ್ಲಿ ಬಾಳುವುವಾದರೆ, ದೇಶಕ್ಕೊಂದು ಬಗೆಯೆಂಬ ಹಂಚಿಕೆ ಸಡಿಲುತ್ತದೆ. ಜಪಾನಿನಲ್ಲಿಯೇ ಐನು ಜನರು, ಒಕಿನಾವದವರು, ಕೊರಿಯದಿಂದ ಬಂದು ನೆಲಸಿದವರು ಈ ಚೌಕಟ್ಟಿನಲ್ಲಿ ಎಲ್ಲಿ ನಿಲ್ಲುವರೆಂಬುದಕ್ಕೂ ಗ್ರಂಥದಲ್ಲಿ ತೃಪ್ತಿಕರವಾದ ಉತ್ತರವಿಲ್ಲ.

ಇದಕ್ಕಿಂತಲೂ ಮುಖ್ಯವಾದ ಆಕ್ಷೇಪವೊಂದುಂಟು. ಸ್ಥಾನಪ್ರಧಾನವಾದ ಗುಂಪಿಗೆ ನಕಾನೆಯವರು ‘ಇಯೆ’ ಎಂಬ ಮನೆತನವನ್ನು ಮೂಲಮಾದರಿಯಾಗಿ ಹಿಡಿಯುತ್ತಾರೆ. ಅದು ಹಳೆಯದೆಂಬುದು ದಿಟ. ಆದರೆ ಮನೆಯ ಯಜಮಾನನ ಅಧಿಕಾರ 1898ರ ನಾಗರಿಕ ಸಂಹಿತೆಯಲ್ಲಿ ದೇಶಕ್ಕೆಲ್ಲ ಒಂದೇ ಕಾನೂನಾಗಿ ನಿಂತಿತು. ಆ ಸಂಹಿತೆಗೆ ಅವಸರವೇಕೆ? 1858ರ ಅಸಮ ಒಪ್ಪಂದಗಳು ಪರದೇಶೀಯರನ್ನು ಜಪಾನೀ ನ್ಯಾಯಾಲಯಗಳಿಂದ ಹೊರತುಮಾಡಿದ್ದುವು. ಪಾಶ್ಚಾತ್ಯ ರೀತಿಯ ಕಾನೂನುಗಳಿಲ್ಲದೆ ಅವನ್ನು ತಿದ್ದಿಕೊಡಲು ಆ ರಾಷ್ಟ್ರಗಳು ಸಿದ್ಧವಿರಲಿಲ್ಲ. 1894ರಲ್ಲಿ ಬ್ರಿಟನ್ನಿನೊಡನೆ ಹೊಸ ಒಪ್ಪಂದವಾಯಿತು. 1899ರಲ್ಲಿ ಅದು ಜಾರಿಗೆ ಬಂದಿತು. ಹೀಗೆ ಮನೆತನದ ಕಾನೂನು ರೂಪುಗೊಂಡುದರಲ್ಲಿ ಪರರಾಷ್ಟ್ರ ವ್ಯವಹಾರದ ಕೈಯೂ ಉಂಟು. ಆ ಅಧಿಕಾರವನ್ನು ತೆಗೆದುಹಾಕಿದ 1947ರ ತಿದ್ದುಪಡಿಯೂ ಪರಸೈನ್ಯ ದೇಶದಲ್ಲಿ ಬೀಡುಬಿಟ್ಟಿದ್ದ ಕಾಲದ್ದೇ. ಸಮಾಜಶಾಸ್ತ್ರವನ್ನು ಒಂದು ತರಗತಿಯಲ್ಲಿಯೂ ಅಂತರರಾಷ್ಟ್ರೀಯ ಸಂಬಂಧಗಳನ್ನು ಇನ್ನೊಂದರಲ್ಲಿಯೂ ಕಲಿಸುವ ಕಡೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಗ್ರಂಥವನ್ನು ಪಠ್ಯವಾಗಿಡುವವರು ಒಪ್ಪಂದಗಳ ಪಾಠವನ್ನೂ ಅದರ ಮಗ್ಗುಲಲ್ಲಿಯೇ ಇಡತಕ್ಕದ್ದು.