ರೊಟ್ಟಿಯ ಹೆಸರಿನ ಗಡಿ: ಫ್ರಾನ್ಸಿಸ್ ಆಲೀಸರ ‘ಮಕ್ಕಳ ಆಟಗಳು’

ಬೆಲ್ಜಿಯಂನಲ್ಲಿ ಹುಟ್ಟಿ ಮೆಕ್ಸಿಕೊದಲ್ಲಿ ನೆಲೆಸಿರುವ ಕಲಾವಿದ ಫ್ರಾನ್ಸಿಸ್ ಆಲೀಸರು 1999ರಿಂದ ಲೋಕದ ನಾನಾ ಕಡೆಯ ಮಕ್ಕಳ ಆಟಗಳನ್ನು ಕಿರುಚಿತ್ರಗಳಾಗಿ ಸೆರೆಹಿಡಿಯುತ್ತ ಬಂದಿದ್ದಾರೆ. 2022ರ ವೆನಿಸ್ ದ್ವೈವಾರ್ಷಿಕ ಕಲಾಮೇಳದಲ್ಲಿ ಬೆಲ್ಜಿಯಂ ಮಂಟಪದಲ್ಲಿ ಪ್ರದರ್ಶಿತವಾದದ್ದು ಈ ಸರಣಿಯೇ. ಯುದ್ಧಭೂಮಿಯಲ್ಲಿಯೂ ಬಾಲ್ಯದ ಮುಗ್ಧತೆ ಅಳಿದಿಲ್ಲ ಎಂದು ಈ ಚಿತ್ರಗಳನ್ನು ಮೆಚ್ಚುವುದು ಸುಲಭ. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಆ ಮೆಚ್ಚುಗೆ ನಿಲ್ಲಲಾರದು.

ಮೊದಲನೆಯದು ಇರಾಕಿನ ಮೊಸುಲ್‌ನಲ್ಲಿ 2017ರಲ್ಲಿ ತೆಗೆದ ‘ಹರಾಮ್ ಫುಟ್‌ಬಾಲ್’. ಐಸಿಸ್ ಕಾಲ್ಚೆಂಡಾಟವನ್ನು ನಿಷೇಧಿಸಿದ್ದ ಊರು ಅದು. ಪಾಳುಬಿದ್ದ ಬೀದಿಯಲ್ಲಿ ಹುಡುಗರು ಚೆಂಡಿಲ್ಲದೆಯೇ ಆಡುತ್ತಾರೆ, ಒದೆಯುತ್ತಾರೆ, ತಡೆಯುತ್ತಾರೆ. ಕಾಣದ ಚೆಂಡು ಎಲ್ಲಿದೆ ಎಂಬುದರಲ್ಲಿ ಎರಡು ಪಕ್ಷಕ್ಕೂ ಒಮ್ಮತವಿದೆ. 1918ರಲ್ಲಿಯೇ ದೈವಾರಾಧನೆಯನ್ನು ಆಟಕ್ಕೆ ಹೋಲಿಸಿದ ರೊಮಾನೊ ಗ್ವಾರ್ದಿನಿಯವರು ಇಲ್ಲಿ ನೆನಪಾಗುತ್ತಾರೆ. (ಹೋಲಿಕೆಯನ್ನು ಅತಿಯಾಗಿ ಎಳೆಯಲಾಗದು, ಪರಮಪ್ರಸಾದದಲ್ಲಿ ಪ್ರಭು ನಿಜವಾಗಿ ಇದ್ದಾರೆ.)

ಎರಡನೆಯದು ಉಕ್ರೇನಿನ ಖಾರ್ಕಿವ್ ಪ್ರಾಂತ್ಯದ ‘ಪರೋಲ್’. ಎಂದರೆ ಗುರುತಿನ ಮಾತು. ಸೈನಿಕರ ಉಡುಪು ತೊಟ್ಟ ಮೂವರು ಹುಡುಗರು ಮರದ ಬಂದೂಕು ಹಿಡಿದು, ದಾರಿಯಲ್ಲಿ ಬರುವ ವಾಹನಗಳನ್ನು ನಿಲ್ಲಿಸಿ ‘ಪಲ್ಯಾನಿತ್ಸ್ಯ’ ಎಂಬ ಪದವನ್ನು ಹೇಳಿಸುತ್ತಾರೆ. ರಷ್ಯನ್ನರ ನಾಲಿಗೆಗೆ ಅದು ಸರಿಯಾಗಿ ಹೊರಳದು ಎಂಬ ನಂಬಿಕೆ. ನ್ಯಾಯಸ್ಥಾಪಕರ 12ನೆಯ ಅಧ್ಯಾಯವನ್ನು ಓದಿದವರು ಇಲ್ಲಿ ಬೆಚ್ಚಬೇಕು. ಯೊರ್ದಾನಿನ ಹಾಯ್ಗಡದಲ್ಲಿ ‘ಷಿಬ್ಬೋಲೆತ್’ ಎನ್ನಲಾರದ ಎಫ್ರಯಿಮ್ಯರನ್ನು ಗಿಲ್ಯಾದಿನವರು ಹಿಡಿಹಿಡಿದು ಕೊಂದರು. ಆ ಯುದ್ಧದಲ್ಲಿ ಸತ್ತವರು 42,000 ಎನ್ನುತ್ತದೆ ಗ್ರಂಥ. ಷಿಬ್ಬೋಲೆತ್ ಎಂದರೆ ಧಾನ್ಯದ ತೆನೆ. ಪಲ್ಯಾನಿತ್ಸ್ಯ ಎಂದರೆ ಒಂದು ಬಗೆಯ ರೊಟ್ಟಿ. ಹಂಚಿಕೊಂಡು ತಿನ್ನಬೇಕಾದದ್ದರ ಹೆಸರೇ ಎರಡೂ ಕಡೆ ಮನುಷ್ಯರನ್ನು ವಿಂಗಡಿಸುವ ಜರಡಿಯಾಗಿದೆ.

ನಾವು ಇದನ್ನು ಬರೆಯುತ್ತಿರುವುದು ಹಳೇಬೀಡಿನ ನೆರೆಯ ಹುಲಿಕೆರೆಯಲ್ಲಿ. ಹೊಯ್ಸಳರ ಗುಡಿಗೋಡೆಗಳ ಮೇಲೆ ಆನೆ ಕುದುರೆಗಳ ಪಡೆ ಇಂದಿಗೂ ಸಾಲುಗಟ್ಟಿ ನಿಂತಿರುವ ಸೀಮೆ ಇದು. ನಮ್ಮ ಕಡೆಯ ಹುಲಿ-ಕುರಿ ಆಟವೂ ಯುದ್ಧವೇ: ಸಾಮಾನ್ಯವಾಗಿ 3 ಹುಲಿ, 15 ಕುರಿ. ಹುಲಿ ಹಾರಿ ಕೊಲ್ಲುತ್ತದೆ. ಕುರಿಗೆ ಕೊಲ್ಲುವ ಹಕ್ಕಿಲ್ಲ, ಒತ್ತಾಗಿ ನಿಂತು ದಾರಿ ಕಟ್ಟಬಹುದಷ್ಟೆ. ಮುಂದಿನ ಆಟಕ್ಕೆ ಹುಲಿಯಾಡಿಸಿದವನೇ ಕುರಿ ಹಿಡಿಯುತ್ತಾನೆ. ಇದ್ದಿಲಿನ ಗೆರೆ ಸಂಜೆಗೆ ಅಳಿಯುತ್ತದೆ. ಮೊಸುಲ್‌ನ ಹುಡುಗರಿಗೆ ಈ ಪಕ್ಷಬದಲು ಸಾಧ್ಯ. ‘ಪರೋಲ್’ನ ಮೂವರೂ ಕಾವಲುಗಾರರೇ; ಶತ್ರುವಿನ ಪಾತ್ರವನ್ನು ವಹಿಸುವವರಿಲ್ಲ.

ಆ ಮಕ್ಕಳನ್ನು ನಾವು ದೂರುವುದಿಲ್ಲ. ಆಕ್ರಮಣ ನಡೆದದ್ದು ಅವರ ನೆಲದ ಮೇಲೆ. ನಮ್ಮ ತಕರಾರು ಎರಡನ್ನೂ ‘ಆಟ’ವೆಂಬ ಒಂದೇ ಹೆಸರಿನಡಿ, ಒಂದೇ ಮಮತೆಯ ಕಣ್ಣಿನಿಂದ ತೋರಿಸುವ ಸರಣಿಯ ಕಟ್ಟಿನ ಮೇಲೆ. ಆಟದೊಳಗೆ ಯುದ್ಧ ಬರುವುದು ಬೇರೆ, ಯುದ್ಧದೊಳಗೆ ಆಟ ಸೇರಿಹೋಗುವುದು ಬೇರೆ; ಆಲೀಸರು ಈ ವ್ಯತ್ಯಾಸವನ್ನು ನೋಡುಗರಿಗೇ ಬಿಟ್ಟುಬಿಡುತ್ತಾರೆ.

ಬೀದಿಗಳಲ್ಲಿ ಬಾಲಕ ಬಾಲಕಿಯರು ಆಡುವ ಜೆರುಸಲೇಮನ್ನು ಪ್ರವಾದಿ ಜೆಕರ್ಯ 8ನೆಯ ಅಧ್ಯಾಯದಲ್ಲಿ ಕಾಣುತ್ತಾರೆ. ಪ್ರಬೋಧನೆಗಳಲ್ಲಿ ನಾವು ಆ ವಾಕ್ಯವನ್ನು ಧಾರಾಳವಾಗಿ ಬಳಸುತ್ತೇವೆ. ಅದೇ ಗ್ರಂಥದ 2ನೆಯ ಅಧ್ಯಾಯದಲ್ಲಿ ಅಳತೆಯ ನೂಲು ಹಿಡಿದು ಹೊರಟವನಿಗೆ ಹೇಳಿಕಳುಹಿಸುವ ಮಾತು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ: ಆ ಪಟ್ಟಣಕ್ಕೆ ಪೌಳಿಗೋಡೆ ಇರುವುದಿಲ್ಲ.